ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಂಡಿದೆ, ಬದಲಿಸಲು 1.32 ಲಕ್ಷ ಎನ್ನುತ್ತಿದ್ದಾರೆ. ಬೇರೆ ದಾರಿ ಇದೆಯೇ?

ಶಿರಸಿ ದಾರಿ | ಬೆಂಗಳೂರು | ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಯಾವ ವಿವರ ಮುಖ್ಯ, ಯಾವುದು ಅಲ್ಲ ಎಂದು ನನಗೆ ಗೊತ್ತಿಲ್ಲದ ಕಾರಣ ಎಲ್ಲವನ್ನೂ ಹೇಳಿಬಿಡುತ್ತೇನೆ.

ನಮ್ಮದು 2021ರಲ್ಲಿ ಕೊಂಡ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಡೀಸೆಲ್ ಕಾರು. 1.5 ಲೀಟರ್ ಎಂಜಿನ್, ಮ್ಯಾನುಯಲ್ ಗೇರ್. ಈವರೆಗೆ 61,000 ಕಿಲೋಮೀಟರ್ ಓಡಿದೆ. ಡೀಸೆಲ್ ಆರಿಸಿಕೊಳ್ಳಲು ಕಾರಣವಿತ್ತು. ಅಪ್ಪನಿಗೆ ಆರೋಗ್ಯ ಸರಿಯಿರಲಿಲ್ಲ, ತಿಂಗಳಿಗೆ ಎರಡು ಸಲ ಶಿರಸಿಗೆ ಹೋಗಿ ಬರುತ್ತಿದ್ದೆವು. ಒಂದು ಕಡೆಗೇ ಸುಮಾರು 400 ಕಿಲೋಮೀಟರ್. ಕಳೆದ ವರ್ಷ ಅಪ್ಪ ತೀರಿಕೊಂಡರು. ಅಮ್ಮ ನಮ್ಮ ಜೊತೆಗೇ ಬಂದುಬಿಟ್ಟರು. ಆಮೇಲೆ ಈ ಕಾರು ಮನೆಯಿಂದ ನಾನು ಪಾಠ ಮಾಡುವ ಶಾಲೆಗೆ, ಶಾಲೆಯಿಂದ ಮನೆಗೆ, ಇಷ್ಟೇ ಓಡಾಡುತ್ತಿದೆ. 4 ಕಿಲೋಮೀಟರ್ ದೂರ, ಅದರಲ್ಲಿ ಮೂರು ಸಿಗ್ನಲ್.

ಮೂರು ವಾರಗಳ ಹಿಂದೆ ಮೀಟರಿನಲ್ಲಿ ಡಬ್ಬಿಯೊಳಗೆ ಚುಕ್ಕಿಗಳಿರುವಂತಹ ಹಳದಿ ದೀಪ ಹೊತ್ತಿಕೊಂಡಿತು. ಮುಂದಿನ ಸರ್ವೀಸ್‌ನಲ್ಲಿ ಕೇಳಿದರಾಯಿತು ಎಂದುಕೊಂಡೆ. ಹೋದ ಗುರುವಾರ ಅಪ್ಪನ ವರ್ಷಾಂತಿಕಕ್ಕೆ ಊರಿಗೆ ಹೊರಟೆವು. ಬೆಳಗಿನ ಜಾವ 4 ಗಂಟೆಗೆ ಬಿಟ್ಟವರು ತುಮಕೂರು, ಶಿರಾ ದಾಟಿ ಹಿರಿಯೂರಿನ ಹತ್ತಿರ ಬರುವಷ್ಟರಲ್ಲಿ ಎಂಜಿನ್ ದೀಪವೂ ಹೊತ್ತಿತು, ಪಿಕಪ್ ಪೂರ್ತಿ ಹೋಯಿತು. ಎಷ್ಟು ಒತ್ತಿದರೂ 40ರ ಮೇಲೆ ಏರಲಿಲ್ಲ. ಲಾರಿಗಳು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹಾದು ಹೋಗುತ್ತಿದ್ದವು. ಅಮ್ಮ ಹಿಂದಿನ ಸೀಟಿನಲ್ಲಿ ಎಳ್ಳು, ದರ್ಭೆಯ ಚೀಲ ಹಿಡಿದುಕೊಂಡು ಒಂದು ಮಾತೂ ಆಡದೆ ಕುಳಿತಿದ್ದರು. ಕೊನೆಗೆ ಬಾಡಿಗೆ ಕಾರು ಮಾಡಿಕೊಂಡು ಊರು ಸೇರಿದೆವು, ನಮ್ಮ ಕಾರು ಟೋಯಿಂಗ್ ಗಾಡಿಯ ಮೇಲೆ ಬೆಂಗಳೂರಿಗೆ ಮರಳಿತು.

ಸರ್ವೀಸ್ ಸೆಂಟರ್‌ನವರು ಸ್ಕ್ಯಾನ್ ಮಾಡಿ ಒಂದು ಹಾಳೆ ಕೊಟ್ಟಿದ್ದಾರೆ. ಅದರಲ್ಲಿ ಪಿ2463 ಮತ್ತು ಪಿ0128 ಎಂದು ಎರಡು ಸಂಖ್ಯೆಗಳಿವೆ. ಮಸಿ ಪ್ರಮಾಣ 38 ಗ್ರಾಂ. ಡಿಪಿಎಫ್ ಪೂರ್ತಿ ಕಟ್ಟಿಕೊಂಡಿದೆ, ಹೊಸದು ಹಾಕಬೇಕು, ಕೂಲಿ ಸೇರಿ 1,32,000 ರೂಪಾಯಿ ಎಂದರು. ಎರಡನೆಯ ಸಂಖ್ಯೆ ಏನೆಂದು ಕೇಳಿದೆ. ಅದು ಹಳೆಯ ದಾಖಲೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ವಾರಂಟಿ ಮುಗಿದಿದೆ.

ಇನ್ನೊಂದು ವಿಷಯ, ಸಂಬಂಧವಿದೆಯೋ ಇಲ್ಲವೋ ತಿಳಿಯದು. ನಾಲ್ಕೈದು ತಿಂಗಳಿಂದ ಮೈಲೇಜ್ ಇಳಿದಿದೆ. ನಗರದಲ್ಲಿ 14 ಬರುತ್ತಿದ್ದದ್ದು 11ಕ್ಕೆ ಬಂದಿದೆ.

1.32 ಲಕ್ಷ ಕೊಡುವುದು ನಮಗೆ ಸುಲಭವಲ್ಲ. ಫಿಲ್ಟರ್ ಬದಲಿಸಲೇಬೇಕೆ?

ಆರ್‌ಟಿ ನಗರ 4x4 | ಬೆಂಗಳೂರು | ಭಾನುವಾರ ರಾತ್ರಿ

ಒಮ್ಮೆ ಹೆದ್ದಾರಿಗೆ ಕೊಂಡೊಯ್ದು 20–25 ನಿಮಿಷ ಎಡೆಬಿಡದೆ ಓಡಿಸಿ. ವೇಗ 60–80, ಮೂರನೇ ಅಥವಾ ನಾಲ್ಕನೇ ಗೇರು, ಎಂಜಿನ್ 2,000 ಆರ್‌ಪಿಎಂ ಮೇಲಿರಲಿ. ನನಗೆ ಇದೇ ಹಳದಿ ದೀಪ ಎರಡು ಸಲ ಬಂದಿತ್ತು. ನೆಲಮಂಗಲದಿಂದ ಕುಣಿಗಲ್ ಕಡೆಗೆ ಓಡಿಸಿದೆ, ಅರ್ಧ ಗಂಟೆಯೊಳಗೆ ಆರಿಹೋಯಿತು. ಕಾರಿನ ಕೈಪಿಡಿಯಲ್ಲೂ ಹೀಗೆಯೇ ಇದೆ.

ಮಳೆಗಾಲ | ಮಂಗಳೂರು | ಭಾನುವಾರ ರಾತ್ರಿ

ಡಿಇಎಫ್ ಟ್ಯಾಂಕ್ ಖಾಲಿಯಾಗಿರಬಹುದು ನೋಡಿ. ಆ ನೀಲಿ ಮುಚ್ಚಳದ ದ್ರವ ಹಾಕಿಸಿದರೆ ಸರಿಹೋಗಬಹುದು.

ಹಳೇ ಗ್ಯಾರೇಜ್ | ಹುಬ್ಬಳ್ಳಿ | ಸೋಮವಾರ ಬೆಳಿಗ್ಗೆ

ಮೇಡಂ, ಮೊದಲು ಒಂದು ವಿನಂತಿ: ಫಿಲ್ಟರ್ ಬದಲಿಸಲು ಒಪ್ಪಿಗೆಯ ಸಹಿ ಹಾಕಬೇಡಿ. 31 ವರ್ಷ ಡೀಸೆಲ್ ಎಂಜಿನ್‌ಗಳ ಜೊತೆ ಕಳೆದವನು ಹೇಳುತ್ತಿದ್ದೇನೆ. ನಿಮ್ಮ ಉತ್ತರ ಆ ಹಾಳೆಯಲ್ಲೇ ಇದೆ. ಸಂಬಂಧವಿಲ್ಲ ಎಂದರಲ್ಲ, ಆ ಎರಡನೆಯ ಸಂಖ್ಯೆಯಲ್ಲಿ.

ಡಿಇಎಫ್ ಎಂದ ಗೆಳೆಯರಿಗೆ ಮೊದಲು ಉತ್ತರಿಸಿಬಿಡುತ್ತೇನೆ. ಅದು 32.5 ಶೇಕಡಾ ಯೂರಿಯಾ ಇರುವ ನೀರು. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳನ್ನು ಕಡಿಮೆ ಮಾಡುವುದು ಅದರ ಕೆಲಸ. ಮಸಿಗೂ ಅದಕ್ಕೂ ಸಂಬಂಧವಿಲ್ಲ, ಎಷ್ಟೋ ಡೀಸೆಲ್ ಕಾರುಗಳಲ್ಲಿ ಆ ಟ್ಯಾಂಕೇ ಇರುವುದಿಲ್ಲ.

ಇನ್ನು ಡಿಪಿಎಫ್. ಜೇನುಗೂಡಿನಂತಹ ಪಿಂಗಾಣಿಯ ಗಟ್ಟಿ ಎಂದುಕೊಳ್ಳಿ. ಅದರ ತುಂಬ ಸಣ್ಣ ಸಣ್ಣ ಕೊಳವೆಗಳು. ಒಂದು ಕೊಳವೆಯ ಹಿಂದಿನ ಬಾಯಿ ಮುಚ್ಚಿದ್ದರೆ ಪಕ್ಕದ್ದರ ಮುಂದಿನ ಬಾಯಿ ಮುಚ್ಚಿರುತ್ತದೆ. ಹಾಗಾಗಿ ಹೊಗೆ ಗೋಡೆಯ ಮೂಲಕವೇ ಸೋಸಿಕೊಂಡು ಹೊರಗೆ ಬರಬೇಕು. ಮಸಿ ಗೋಡೆಗೆ ಅಂಟಿ ಉಳಿಯುತ್ತದೆ. ಅದನ್ನು ಆಗಾಗ ಸುಡದಿದ್ದರೆ ಉಸಿರು ಕಟ್ಟುತ್ತದೆ. ಹೆದ್ದಾರಿಯಲ್ಲಿ ಭಾರ ಎಳೆಯುವಾಗ ಹೊಗೆಯ ಬಿಸಿಗೇ ಒಂದಷ್ಟು ಮಸಿ ತಾನಾಗಿ ಸುಟ್ಟು ಹೋಗುತ್ತದೆ. ಸಾಲದಿದ್ದಾಗ ಕಾರಿನ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು 600 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಮಸಿಯನ್ನು ಸುಡುತ್ತದೆ. ಇದನ್ನೇ ರೀಜನರೇಷನ್ ಎನ್ನುವುದು. 10ರಿಂದ 25 ನಿಮಿಷದ ಕೆಲಸ.

ಆದರೆ ಕಂಪ್ಯೂಟರ್ ಯಾವಾಗೆಂದರೆ ಆವಾಗ ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಎಂಜಿನ್ ಪೂರ್ತಿ ಕಾದಿರಬೇಕು. ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇರಬೇಕು. ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ವ್ಯವಸ್ಥೆ), ಟರ್ಬೊ, ಸೆನ್ಸರ್‌ಗಳಲ್ಲಿ ದೋಷ ಕಂಡಿರಬಾರದು. ಒಂದು ಶರತ್ತು ತಪ್ಪಿದರೂ ಮುಂದೂಡುತ್ತದೆ.

ಪಿ2463 ಎಂದರೆ ಮಸಿ ಮಿತಿ ಮೀರಿದೆ ಎಂದು. ಪಿ0128 ಎಂದರೆ ಕೂಲಂಟ್ (ಎಂಜಿನ್ ತಣಿಸುವ ನೀರು) ಏರಬೇಕಾದ ಬಿಸಿಗೆ ಏರುತ್ತಿಲ್ಲ ಎಂದು. ಹತ್ತರಲ್ಲಿ ಒಂಬತ್ತು ಸಲ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ಆ ನೀರನ್ನು ತಡೆದಿಡುವ ವಾಲ್ವ್) ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಎಂಜಿನ್ ಕಾಯುವುದಕ್ಕೆ ಮೊದಲೇ ನೀರು ರೇಡಿಯೇಟರಿಗೆ ಹರಿದು ತಣ್ಣಗಾಗುತ್ತದೆ. ಎಂಜಿನ್ ತಣ್ಣಗಿದ್ದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಮೈಲೇಜ್ 14ರಿಂದ 11ಕ್ಕೆ ಇಳಿದದ್ದು ಇದರಿಂದಲೇ ಇರಬೇಕು. ಮಸಿಯನ್ನೂ ಹೆಚ್ಚು ಉಗುಳುತ್ತದೆ. ಆ ಮಸಿಯನ್ನು ಸುಡಲು ಕಂಪ್ಯೂಟರ್ ಒಪ್ಪುವುದಿಲ್ಲ.

ಹೆದ್ದಾರಿಗೆ ಕೊಂಡೊಯ್ಯಿರಿ ಎಂದವರ ಮಾತು ಸಾಮಾನ್ಯವಾಗಿ ಸರಿ. ಆದರೆ ಮೇಡಂ ಬರೆದದ್ದನ್ನು ಇನ್ನೊಮ್ಮೆ ಓದಿ. ಬೆಂಗಳೂರಿನಿಂದ ಹಿರಿಯೂರು 160 ಕಿಲೋಮೀಟರ್. ಬೆಳಗಿನ ಜಾವದ ಖಾಲಿ ರಸ್ತೆಯಲ್ಲಿ ಎರಡು ಗಂಟೆಗೂ ಹೆಚ್ಚು ಕಾಲ ಓಡಿದೆ. ಮಸಿ ಸುಡಲು ಇದಕ್ಕಿಂತ ಒಳ್ಳೆಯ ದಾರಿ ಬೇಕೆ? ಆದರೂ ಸುಡಲಿಲ್ಲ. ಅಲ್ಲಿಗೆ, ನಗರದ ಸಣ್ಣ ಓಡಾಟ ಒಂದೇ ಕಾರಣವಲ್ಲ ಎಂದಾಯಿತು. ಈಗ ಎಂಜಿನ್ ದೀಪವೂ ಹೊತ್ತಿ ಪಿಕಪ್ ಬಿದ್ದಿರುವಾಗ ರಸ್ತೆಗಿಳಿಸಿ ಜೋರಾಗಿ ಓಡಿಸುವುದು ತಪ್ಪು, ಟರ್ಬೊಗೆ ಪೆಟ್ಟು.

ನೀವೇ ಮಾಡಬಹುದಾದ ಎರಡು ಪರೀಕ್ಷೆ ಹೇಳುತ್ತೇನೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿ ಬಾನೆಟ್ ಎತ್ತಿ. ರೇಡಿಯೇಟರಿನ ಮೇಲ್ಭಾಗದ ದಪ್ಪ ರಬ್ಬರ್ ಪೈಪನ್ನು ಫ್ಯಾನಿನಿಂದ ಕೈ ದೂರವಿಟ್ಟು ಮುಟ್ಟಿ ನೋಡಿ. ಥರ್ಮೋಸ್ಟಾಟ್ ಚೆನ್ನಾಗಿದ್ದರೆ ಆ ಪೈಪು ಬಹಳ ಹೊತ್ತು ತಣ್ಣಗೇ ಇದ್ದು, ಆಮೇಲೆ ಒಮ್ಮೆಗೇ ಬಿಸಿಯಾಗುತ್ತದೆ. ಮೊದಲ ನಿಮಿಷಗಳಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ಅದು ತೆರೆದೇ ಇದೆ.

ಎರಡನೆಯದು ಇನ್ನೂ ಮುಖ್ಯ, ಚಾಲೂ ಮಾಡುವ ಮೊದಲೇ ನೋಡಿ. ಆಯಿಲ್ ಕಡ್ಡಿ ಎಳೆದು ಮಟ್ಟ ಎಲ್ಲಿದೆ ಎಂದು ಬರೆಯಿರಿ. ಮೇಲಿನ ಗೆರೆ ದಾಟಿದ್ದರೆ ಎಂಜಿನ್ ಚಾಲೂ ಮಾಡಲೇಬೇಡಿ.

ಆರ್‌ಟಿ ನಗರ 4x4 | ಬೆಂಗಳೂರು | ಸೋಮವಾರ ಬೆಳಿಗ್ಗೆ

ಸರ್, ಹಿರಿಯೂರಿನವರೆಗೆ ಓಡಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ನನ್ನ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಬರೀ ಹಳದಿ ದೀಪ ಮಾತ್ರ ಇದ್ದಾಗ ಅದು ಸರಿ, ಎಂಜಿನ್ ದೀಪವೂ ಸೇರಿದ ಮೇಲೆ ಅಲ್ಲ.

ಹಳದಿ ಬೋರ್ಡ್ | ದಾವಣಗೆರೆ | ಸೋಮವಾರ ಮಧ್ಯಾಹ್ನ

ನನ್ನದು ಬಾಡಿಗೆ ಗಾಡಿ, ನೇರವಾಗಿ ಹೇಳುತ್ತೇನೆ. ಎರಡು ವರ್ಷದ ಹಿಂದೆ ಇದೇ ತೊಂದರೆ ಬಂತು. ಒಂದೂವರೆ ಲಕ್ಷ ಕೇಳಿದರು. ಗಾಡಿ ನಿಂತರೆ ಮನೆಯಲ್ಲಿ ಒಲೆ ನಿಲ್ಲುತ್ತದೆ. ಒಬ್ಬರು 24,000 ರೂಪಾಯಿಗೆ ಫಿಲ್ಟರ್ ತೆಗೆದು ನೇರ ಪೈಪ್ ಹಾಕಿ, ಕಂಪ್ಯೂಟರಿನಲ್ಲೂ ಬದಲಾಯಿಸಿ ಕೊಟ್ಟರು. ಆ ಮೇಲೆ ಒಂದು ದಿನವೂ ತೊಂದರೆಯಾಗಿಲ್ಲ. ಹೊಗೆ ತಪಾಸಣೆಯ ಪ್ರಮಾಣಪತ್ರವೂ ಸಿಗುತ್ತಿದೆ. ಮೇಡಂ ಕಷ್ಟದಲ್ಲಿದ್ದಾರೆ, ಇಂತಹ ದಾರಿಯೂ ಇದೆ ಎಂದು ತಿಳಿದಿರಲಿ.

ವರ್ತುಲ ರಸ್ತೆಯ ಮನೆ | ಬೆಂಗಳೂರು | ಸೋಮವಾರ ಸಂಜೆ

ಹಳದಿ ಬೋರ್ಡ್ ಅವರೇ, ನಿಮ್ಮ ಕಷ್ಟವನ್ನು ಹಗುರವಾಗಿ ಕಾಣುತ್ತಿಲ್ಲ. ಆದರೆ ನನ್ನ ಮನೆ ಹೊರವರ್ತುಲ ರಸ್ತೆಗೆ ಮುಖ ಮಾಡಿದೆ. ಮಗನಿಗೆ ಏಳು ವರ್ಷ, ಅಸ್ತಮಾ ಇದೆ. ಕಿಟಕಿಯ ಸರಳನ್ನು ಬೆಳಿಗ್ಗೆ ಒರೆಸಿದರೆ ಸಂಜೆಗೆ ಬಟ್ಟೆ ಮತ್ತೆ ಕಪ್ಪಾಗುತ್ತದೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಆ ಫಿಲ್ಟರ್ ಇರುವುದು ಗಾಡಿಯ ಒಳಗಿನವರಿಗಾಗಿ ಅಲ್ಲ, ಹೊರಗೆ ನಿಂತವರಿಗಾಗಿ. ತೆಗೆದವರಿಗೆ ಏನೂ ತೊಂದರೆಯಾಗಿಲ್ಲ ಎನ್ನುವುದು ಅದಕ್ಕೇ ನಿಜ, ಅದಕ್ಕೇ ನನಗೆ ನೋವು.

ಸ್ಟುಟ್‌ಗಾರ್ಟ್ ಕನ್ನಡಿಗ | ಜರ್ಮನಿ | ಸೋಮವಾರ ರಾತ್ರಿ

ವಾಹನಗಳ ಹೊಗೆ ವ್ಯವಸ್ಥೆಯ ಕೆಲಸದಲ್ಲಿದ್ದೇನೆ, ಊರು ಹಾಸನ. ಅಂಕಿಗಳನ್ನು ಒಮ್ಮೆ ಎದುರಿಗಿಟ್ಟು ನೋಡೋಣ.

ಬಿಎಸ್4ರಲ್ಲಿ ಡೀಸೆಲ್ ಕಾರು ಒಂದು ಕಿಲೋಮೀಟರಿಗೆ 25 ಮಿಲಿಗ್ರಾಂ ಕಣಗಳನ್ನು ಬಿಡಬಹುದಿತ್ತು. ಬಿಎಸ್6ರಲ್ಲಿ ಮಿತಿ 4.5 ಮಿಲಿಗ್ರಾಂ. ತೂಕದ ಜೊತೆಗೆ ಕಣಗಳ ಎಣಿಕೆಗೂ ಮಿತಿ ಬಂತು. ಫಿಲ್ಟರ್ ಇಲ್ಲದೆ ಅದನ್ನು ಮುಟ್ಟಲು ಸಾಧ್ಯವಿಲ್ಲದ ಕಾರಣಕ್ಕೇ 2020ರ ಏಪ್ರಿಲ್ 1ರಿಂದ ನಮ್ಮ ಡೀಸೆಲ್ ಕಾರುಗಳೆಲ್ಲದರ ಹೊಟ್ಟೆಯಲ್ಲಿ ಡಿಪಿಎಫ್ ಬಂದು ಕೂತಿತು. ಇಂಧನವೂ ಜೊತೆಗೇ ಬದಲಾಯಿತು. ಡೀಸೆಲ್‌ನಲ್ಲಿ ಗಂಧಕ 50 ಪಿಪಿಎಂ ಇದ್ದದ್ದು 10ಕ್ಕೆ ಇಳಿಯಿತು. ಅಷ್ಟೆಲ್ಲ ಖರ್ಚು ಮಾಡಿ ದೇಶ ಕಟ್ಟಿಕೊಂಡ ವ್ಯವಸ್ಥೆಯನ್ನು ಗ್ಯಾರೇಜಿನ ಮೂಲೆಯಲ್ಲಿ ಕತ್ತರಿಸಿ ಹಾಕುವುದು ನನಗೆ ಸಹಿಸಲಾಗದ ಮಾತು.

ಪ್ರಮಾಣಪತ್ರ ಸಿಗುತ್ತದೆ ಎಂದಿರಿ. ನಮ್ಮಲ್ಲಿನ ಹೊಗೆ ತಪಾಸಣೆ ಹೊಗೆ ಎಷ್ಟು ದಟ್ಟವಾಗಿದೆ ಎಂದು ಬೆಳಕು ಹಾಯಿಸಿ ನೋಡುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿಸೂಕ್ಷ್ಮ ಕಣಗಳು ಅದಕ್ಕೆ ಕಾಣುವುದೇ ಇಲ್ಲ. ಜರ್ಮನಿಯಲ್ಲೂ ಹೀಗೆಯೇ ಇತ್ತು. 2023ರ ಜುಲೈನಿಂದ ಇಲ್ಲಿ ಯೂರೊ 6 ಡೀಸೆಲ್ ಕಾರುಗಳ ಕಣಗಳನ್ನು ಎಣಿಸುತ್ತಾರೆ. ಒಂದು ಘನ ಸೆಂಟಿಮೀಟರಿಗೆ 2,50,000 ದಾಟಿದರೆ ಪ್ರಮಾಣಪತ್ರವಿಲ್ಲ. ಫಿಲ್ಟರ್ ಒಡೆದ ಅಥವಾ ತೆಗೆದ ಕಾರು ಅಲ್ಲೇ ಸಿಕ್ಕಿಬೀಳುತ್ತದೆ.

ಭಾರತದ ಕಾನೂನೂ ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಬದಲಾವಣೆಯನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ(4)ರ ಪ್ರಕಾರ ಅಂತಹ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಮೇಡಂ, ನಿಮ್ಮ ವಿಷಯಕ್ಕೆ ಬಂದರೆ, ಹಳೇ ಗ್ಯಾರೇಜ್ ಸರ್ ಹೇಳಿದ್ದು ಅಕ್ಷರಶಃ ಸರಿ. ಒಂದು ಮಾತು ಸೇರಿಸುತ್ತೇನೆ. ಮಸಿ ಬೇರೆ, ಬೂದಿ ಬೇರೆ. ಬಚ್ಚಲೊಲೆಯನ್ನು ನೆನಪಿಸಿಕೊಳ್ಳಿ. ಗೋಡೆಗೆ ಹಿಡಿದ ಮಸಿ ಜೋರು ಬೆಂಕಿ ಬಿದ್ದರೆ ಉರಿದು ಹೋಗುತ್ತದೆ. ಒಲೆಯ ತಳದ ಬೂದಿ ಎಷ್ಟು ಉರಿಸಿದರೂ ಹೋಗುವುದಿಲ್ಲ, ಬಾಚಿಯೇ ತೆಗೆಯಬೇಕು. ಫಿಲ್ಟರಿನ ಬೂದಿ ಬಹುಪಾಲು ಎಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತುವು ಮೊದಲಾದವುಗಳಿಂದ ಬರುತ್ತದೆ. ಬೂದಿ ತುಂಬಿ ಫಿಲ್ಟರಿನ ಆಯುಷ್ಯ ಮುಗಿಯಲು ಸಾಮಾನ್ಯವಾಗಿ ಒಂದೂವರೆ ಲಕ್ಷ ಕಿಲೋಮೀಟರ್ ದಾಟಬೇಕು. ನಿಮ್ಮದು 61,000. ನಿಮ್ಮದು ಮಸಿಯ ಸಮಸ್ಯೆ, ಗುಣಪಡಿಸಬಹುದಾದದ್ದು.

ಮುಂದೆ ಆಯಿಲ್ ಹಾಕಿಸುವಾಗ ಡಬ್ಬಿಯ ಹಿಂದೆ ಎಸಿಇಎ (ಯುರೋಪಿನ ಆಯಿಲ್ ಮಾನದಂಡ) ಸಿ2 ಅಥವಾ ಸಿ3 ಎಂದು ಕೈಪಿಡಿ ಹೇಳಿದ ದರ್ಜೆ ಇದೆಯೇ ಎಂದು ನೀವೇ ಓದಿ ನೋಡಿ. ಅವು ಬೂದಿ ಕಡಿಮೆ ಬಿಡುವ ಆಯಿಲ್‌ಗಳು. 300 ರೂಪಾಯಿ ಉಳಿಯಿತೆಂದು ಬೇರೆ ಹಾಕಿದರೆ ಫಿಲ್ಟರ್ ಅದರ ಬೆಲೆ ತೆರುತ್ತದೆ.

ಶಿರಸಿ ದಾರಿ | ಬೆಂಗಳೂರು | ಮಂಗಳವಾರ ರಾತ್ರಿ

ಸರ್ವೀಸ್ ಸೆಂಟರ್‌ನಿಂದ ಕಾರನ್ನು ಸಹಿ ಹಾಕದೆ ಎಳೆಸಿಕೊಂಡು ಮನೆಗೆ ತಂದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ಮೇಲಿನ ಗೆರೆಗಿಂತ ಒಂದು ಬೆರಳಿನಷ್ಟು ಮೇಲಿದೆ. ಮೂಸಿದರೆ ಡೀಸೆಲ್ ವಾಸನೆ. ನೀವು ಹೇಳಿದಂತೆ ಚಾಲೂ ಮಾಡಲಿಲ್ಲ, ಪೈಪ್ ಪರೀಕ್ಷೆ ಆಗಿಲ್ಲ.

ಹಾಕಿದ್ದ ಆಯಿಲ್‌ಗಿಂತ ಹೆಚ್ಚಾಗುವುದು ಹೇಗೆ ಸರ್? ನಾವು ಸೇರಿಸಿಯೇ ಇಲ್ಲ.

ಹಳೇ ಗ್ಯಾರೇಜ್ | ಹುಬ್ಬಳ್ಳಿ | ಮಂಗಳವಾರ ರಾತ್ರಿ

ಒಳ್ಳೆಯ ಕೆಲಸ ಮಾಡಿದಿರಿ ಮೇಡಂ.

ರೀಜನ್‌ಗೆ ಚಿಮ್ಮಿಸುವ ಹೆಚ್ಚುವರಿ ಡೀಸೆಲ್ ಎಲ್ಲವೂ ಫಿಲ್ಟರ್‌ವರೆಗೆ ಹೋಗುವುದಿಲ್ಲ. ಸ್ವಲ್ಪ ಸಿಲಿಂಡರಿನ ಗೋಡೆಗೆ ತಾಗಿ ಪಿಸ್ಟನ್ ರಿಂಗ್‌ಗಳ ಪಕ್ಕದಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ರೀಜನ್ ಪೂರ್ತಿಯಾದರೆ ಮುಂದಿನ ದೂರದ ಓಟದ ಬಿಸಿಗೆ ಒಂದಷ್ಟು ಆವಿಯಾಗಿ ಹೋಗುತ್ತದೆ. ನಿಮ್ಮ ಕಾರು ಥರ್ಮೋಸ್ಟಾಟ್ ಪೂರ್ತಿ ಕೆಡುವ ಮೊದಲು ಹಲವು ಸಲ ರೀಜನ್ ಶುರುಮಾಡಿ, 4 ಕಿಲೋಮೀಟರಿಗೆ ಶಾಲೆ ಬಂದು ನೀವು ಕೀ ತಿರುಗಿಸಿ ನಿಲ್ಲಿಸಿರಬೇಕು. ಪ್ರತಿ ಸಲವೂ ಸ್ವಲ್ಪ ಡೀಸೆಲ್ ಕೆಳಗಿಳಿದಿದೆ. ಡೀಸೆಲ್ ಬೆರೆತ ಆಯಿಲ್ ನೀರಿನಂತೆ ತೆಳುವಾಗುತ್ತದೆ, ಬೇರಿಂಗ್‌ಗಳನ್ನು ಕಾಪಾಡುವುದಿಲ್ಲ. ಮಟ್ಟ ಬಹಳ ಏರಿದರೆ ಎಂಜಿನ್ ಆ ಆಯಿಲ್ಲನ್ನೇ ಇಂಧನದಂತೆ ಎಳೆದುಕೊಂಡು ತಡೆಯಲಾಗದೆ ಓಡುವ ಅಪಾಯವೂ ಇದೆ. ಫಿಲ್ಟರಿಗಿಂತ ಇದು ನನಗೆ ಹೆಚ್ಚು ಆತಂಕದ ವಿಷಯವಾಗಿತ್ತು, ಅದಕ್ಕೇ ಕಡ್ಡಿ ನೋಡಿ ಎಂದದ್ದು.

ಕೆಲಸದ ಕ್ರಮ ಹೀಗಿರಲಿ. ಮೊದಲು ಹಳೆಯ ಆಯಿಲ್ ಇಳಿಸಿ, ಆಯಿಲ್ ಫಿಲ್ಟರ್ ಬದಲಿಸಿ. ಆಮೇಲೆ ಥರ್ಮೋಸ್ಟಾಟ್. ಡಿಪಿಎಫ್‌ನ ಹಿಂದೆ ಮುಂದೆ ಒತ್ತಡ ಅಳೆಯುವ ಸೆನ್ಸರ್ ಒಂದಿದೆ, ಅದಕ್ಕೆ ಎರಡು ಸಣ್ಣ ಹೋಸ್ ಪೈಪ್ ಬರುತ್ತವೆ. ಅವು ಒಣಗಿ ಸೀಳಿವೆಯೇ, ಒಳಗೆ ಮಸಿ ಕಟ್ಟಿದೆಯೇ ಎಂದು ನೋಡಿಸಿ. ಪೈಪು ಸೀಳಿದ್ದರೆ ಸೆನ್ಸರ್ ಸುಳ್ಳು ಹೇಳುತ್ತದೆ, ಖಾಲಿ ಫಿಲ್ಟರನ್ನು ತುಂಬಿದೆ ಎಂದೋ, ತುಂಬಿದ್ದನ್ನು ಖಾಲಿ ಎಂದೋ.

ಇವೆಲ್ಲ ಆದ ಮೇಲೆಯೇ ಫಿಲ್ಟರ್ ಕೆಲಸ. ಸ್ಕ್ಯಾನರ್ ಹಾಕಿ ನಿಂತಲ್ಲೇ ಬಲವಂತದ ರೀಜನ್ ಮಾಡುತ್ತೇವೆ ಎಂದರೆ 38 ಗ್ರಾಂನಲ್ಲಿ ಒಪ್ಪಬೇಡಿ. ಅಷ್ಟು ಮಸಿಗೆ ಒಮ್ಮೆಗೇ ಬೆಂಕಿ ಹತ್ತಿದರೆ ಶಾಖ ಹಿಡಿತ ತಪ್ಪಿ ಪಿಂಗಾಣಿ ಬಿರುಕು ಬಿಡುತ್ತದೆ ಅಥವಾ ಕರಗುತ್ತದೆ. ಆಗ ನಿಜವಾಗಿಯೂ 1.32 ಲಕ್ಷ ಕೊಡಬೇಕಾಗುತ್ತದೆ. ಬಿಚ್ಚಿಸಿ, ಯಂತ್ರದಲ್ಲಿ ತೊಳೆಯುವವರಲ್ಲಿಗೆ ಕಳುಹಿಸಿ. ಕಾರು ತೊಳೆಯುವ ಪ್ರೆಷರ್ ಗನ್ ಹಿಡಿಯುವವರ ಕೈಗೆ ಕೊಡಬೇಡಿ.

ಸ್ಟುಟ್‌ಗಾರ್ಟ್ ಕನ್ನಡಿಗ | ಜರ್ಮನಿ | ಬುಧವಾರ

ತೊಳೆಯುವವರನ್ನು ಒಂದೇ ಪ್ರಶ್ನೆ ಕೇಳಿ: ತೊಳೆಯುವ ಮೊದಲು ಮತ್ತು ಒಣಗಿಸಿದ ನಂತರ ತೂಕ ಮಾಡಿ, ಎರಡೂ ತೂಕವನ್ನು ಬಿಲ್ಲಿನಲ್ಲಿ ಬರೆದುಕೊಡುತ್ತೀರಾ? ಹೌದು ಎಂದರೆ ಕೊಡಿ. ಹಿಂದಿನ ತುದಿಯಲ್ಲಿ ಕಪ್ಪು ಕಲೆಗಳಿವೆಯೇ ಎಂದು ನೋಡಲು ಹೇಳಿ. ಸೋಸಿ ಹೊರಬರುವ ಬದಿ ಬೂದು ಬಣ್ಣದಲ್ಲಿ ಶುದ್ಧವಾಗಿರಬೇಕು. ಅಲ್ಲಿ ಮಸಿ ಕಂಡರೆ ಒಳಗೆ ಬಿರುಕಿದೆ ಎಂದೇ ಅರ್ಥ.

ಕಾಫಿ ಕಣ | ಮೂಡಿಗೆರೆ | ಬುಧವಾರ ಸಂಜೆ

ಈ ಚರ್ಚೆ ಓದಿ ನನ್ನ ಕಾರಿನ ನಡವಳಿಕೆ ಅರ್ಥವಾಯಿತು. ಮನೆಗೆ ಬಂದು ನಿಲ್ಲಿಸಿದ ಮೇಲೂ ಫ್ಯಾನ್ ಜೋರಾಗಿ ಓಡುತ್ತದೆ, ಸುಟ್ಟ ವಾಸನೆ ಬರುತ್ತದೆ. ಇಷ್ಟು ದಿನ ಎಂಜಿನ್ ಬಿಸಿಯಾಗಿದೆ ಎಂದು ಗಾಬರಿಯಾಗಿ ತಕ್ಷಣ ಆರಿಸುತ್ತಿದ್ದೆ. ಅದು ರೀಜನ್ ಆಗಿತ್ತು, ಪ್ರತಿ ಸಲ ನಾನೇ ಅರ್ಧಕ್ಕೆ ಕೆಡಿಸುತ್ತಿದ್ದೆ.

ಹಳ್ಳಿಯ ಕಡೆ ಓಡಾಡುವವರಿಗೆ ಒಂದು ಎಚ್ಚರಿಕೆ. ಆ ಹೊತ್ತಿನಲ್ಲಿ ಕಾರಿನ ಅಡಿಭಾಗ ಬೆಂಕಿಯಂತೆ ಕಾದಿರುತ್ತದೆ. ಒಣ ಹುಲ್ಲಿನ ಮೇಲೆ, ತರಗೆಲೆ ರಾಶಿಯ ಮೇಲೆ ನಿಲ್ಲಿಸಬೇಡಿ. ಇನ್ನು ಬಯಲುಸೀಮೆಯಲ್ಲಿ ಒಕ್ಕಣೆಗೆಂದು ರಸ್ತೆಗೆ ಹುರುಳಿ, ರಾಗಿ ಹರಡುತ್ತಾರಲ್ಲ, ಹುರುಳಿ ಬಳ್ಳಿ ಕಾರಿನಡಿ ಸುತ್ತಿಕೊಂಡರೆ ಬಿಡುವುದಿಲ್ಲ. ದಾಟಿದ ಮೇಲೆ ಇಳಿದು ಬಗ್ಗಿ ನೋಡಿ ತೆಗೆಯಿರಿ. ಇದಕ್ಕೆ ಸೋಮಾರಿತನ ಮಾಡಿ ಕಾರು ಸುಟ್ಟುಕೊಂಡವರಿದ್ದಾರೆ.

ಮಳೆಗಾಲ | ಮಂಗಳೂರು | ಬುಧವಾರ ರಾತ್ರಿ

ಪೆಟ್ರೋಲ್ ಬಂಕಿನಲ್ಲಿ ಡಿಪಿಎಫ್ ಕ್ಲೀನರ್ ಎಂದು ಸೀಸೆ ಮಾರುತ್ತಾರೆ, ಟ್ಯಾಂಕಿಗೆ ಸುರಿಯುವಂಥದ್ದು. ಉಪಯೋಗವಿದೆಯೇ?

ಸ್ಟುಟ್‌ಗಾರ್ಟ್ ಕನ್ನಡಿಗ | ಜರ್ಮನಿ | ಬುಧವಾರ ರಾತ್ರಿ

ತತ್ತ್ವ ಸುಳ್ಳಲ್ಲ. 2000ದಲ್ಲಿ ಪ್ಯೂಜೋ 607ರಲ್ಲಿ ಮೊದಲ ಬಾರಿಗೆ ಕಾರಿಗೆ ಡಿಪಿಎಫ್ ಬಂದಾಗ ಸೀರಿಯಂ ಬೆರೆಸಿದ ದ್ರವವನ್ನು ಕಾರೇ ಡೀಸೆಲ್‌ಗೆ ಸೇರಿಸಿಕೊಳ್ಳುತ್ತಿತ್ತು, ಕಡಿಮೆ ಬಿಸಿಯಲ್ಲೇ ಮಸಿ ಉರಿಯಲಿ ಎಂದು. ಆದರೆ ಆ ಲೋಹವೂ ಕೊನೆಗೆ ಬೂದಿಯಾಗಿ ಫಿಲ್ಟರಿನಲ್ಲೇ ಉಳಿಯುತ್ತದೆ. ಥರ್ಮೋಸ್ಟಾಟ್ ಕೆಟ್ಟ ಕಾರಿಗೆ ಯಾವ ಸೀಸೆಯೂ ಮದ್ದಲ್ಲ.

ಹಳದಿ ಬೋರ್ಡ್ | ದಾವಣಗೆರೆ | ಗುರುವಾರ

ವರ್ತುಲ ರಸ್ತೆಯ ಮನೆಯ ಅಕ್ಕ ಬರೆದದ್ದನ್ನು ಮೂರು ಸಲ ಓದಿದೆ. ನನಗೂ ಚಿಕ್ಕ ಮಗಳಿದ್ದಾಳೆ, ದಿನವೂ ಬೆಳಿಗ್ಗೆ ಗಾಡಿ ಚಾಲೂ ಮಾಡುವಾಗ ಹಿಂದೆಯೇ ನಿಂತು ಟಾಟಾ ಮಾಡುತ್ತಾಳೆ. ಆ ದಿನ ತೊಳೆಯಬಹುದು ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ತೆಗೆಸುತ್ತಿರಲಿಲ್ಲ.

ಹಳೇ ಗ್ಯಾರೇಜ್ ಸರ್, ನನ್ನ ಹಳೆಯ ಫಿಲ್ಟರ್ ಗೋಣಿಚೀಲದಲ್ಲಿ ಕಟ್ಟಿ ಮನೆಯ ಅಟ್ಟದ ಮೇಲಿದೆ. ಒಳಗಿನ ಪಿಂಗಾಣಿ ಹಾಗೆಯೇ ಇದೆ, ಒಡೆದಿಲ್ಲ. ಮತ್ತೆ ಹಾಕಿಸಲು ಬರುತ್ತದೆಯೇ?

ಹಳೇ ಗ್ಯಾರೇಜ್ | ಹುಬ್ಬಳ್ಳಿ | ಗುರುವಾರ

ಬರುತ್ತದೆ ತಮ್ಮ. ಹೆಚ್ಚಿನವರು ಡಬ್ಬಿ ಕೊಯ್ದು ಒಳಗಿನದನ್ನು ಪುಡಿ ಮಾಡಿ ಬಿಸಾಡಿ ಮತ್ತೆ ವೆಲ್ಡ್ ಮಾಡುತ್ತಾರೆ. ನಿನ್ನದು ಇಡಿಯಾಗಿ ಉಳಿದಿರುವುದು ಅದೃಷ್ಟ. ತೊಳೆಸಬೇಕು, ಕಂಪ್ಯೂಟರಿನಲ್ಲಿ ಮೂಲ ಪ್ರೋಗ್ರಾಂ ಮರಳಿ ಹಾಕಿಸಬೇಕು, ಸೆನ್ಸರ್‌ಗಳು ಜೀವಂತ ಇವೆಯೇ ನೋಡಬೇಕು. ಅದಕ್ಕೂ ಮೊದಲು ಎರಡು ವರ್ಷದ ಹಿಂದೆ ಅದು ಯಾಕೆ ಕಟ್ಟಿಕೊಂಡಿತ್ತು ಎಂದು ತಿಳಿಯಬೇಕು. ಬಾಡಿಗೆ ಗಾಡಿ ದಿನವೂ ನೂರಾರು ಕಿಲೋಮೀಟರ್ ಓಡುತ್ತದೆ, ತಾನಾಗಿ ಕಟ್ಟಿಕೊಳ್ಳುವ ಕಾರಣವಿಲ್ಲ. ಇಂಜೆಕ್ಟರ್ ಸೋರುತ್ತಿರಬಹುದು, ಇಜಿಆರ್ ವಾಲ್ವ್ ತೆರೆದೇ ನಿಂತಿರಬಹುದು, ಟರ್ಬೊ ಪೈಪಿನಲ್ಲಿ ಗಾಳಿ ಹೋಗುತ್ತಿರಬಹುದು. ಹುಬ್ಬಳ್ಳಿ ಕಡೆ ಬಾಡಿಗೆ ಬಿದ್ದ ದಿನ ಇಲ್ಲಿ ತಿಳಿಸು. ನೋಡಿ ಕೊಡುತ್ತೇನೆ, ನೋಡಿದ್ದಕ್ಕೆ ಹಣ ಬೇಡ.

ಶಿರಸಿ ದಾರಿ | ಬೆಂಗಳೂರು | ಎರಡು ವಾರಗಳ ನಂತರ, ಭಾನುವಾರ

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ, ಪರೀಕ್ಷೆಯ ಪತ್ರಿಕೆಗಳ ಮೌಲ್ಯಮಾಪನ ಇತ್ತು.

ಪರಿಚಿತರ ಮೂಲಕ ಒಂದು ಸಣ್ಣ ಗ್ಯಾರೇಜ್ ಸಿಕ್ಕಿತು. ಈ ಚರ್ಚೆಯನ್ನು ಮುದ್ರಿಸಿಕೊಂಡು ಹೋಗಿ ಅವರ ಕೈಗೆ ಕೊಟ್ಟೆ. ಮೊದಲು ಆಯಿಲ್ ಬದಲಿಸಿದರು. ಹಳೆಯ ಆಯಿಲ್ ಚಹಾದಂತೆ ತೆಳ್ಳಗೆ ಸುರಿಯಿತು. ಹೊಸ ಆಯಿಲ್ ಹಾಕಿ ಚಾಲೂ ಮಾಡಿ ನಾನೇ ಪೈಪ್ ಮುಟ್ಟಿ ನೋಡಿದೆ. ಮೂರನೇ ನಿಮಿಷಕ್ಕೇ ಬೆಚ್ಚಗಾಗತೊಡಗಿತು. ಸ್ಕ್ಯಾನರಿನಲ್ಲಿ ಕೂಲಂಟ್ 58 ಡಿಗ್ರಿ ದಾಟಲೇ ಇಲ್ಲ. ಥರ್ಮೋಸ್ಟಾಟ್ ಬಿಚ್ಚಿದಾಗ ಅದರ ವಾಲ್ವ್ ಅರ್ಧ ತೆರೆದು ಓರೆಯಾಗಿ ನಿಂತಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ನೋಡಿದೆ, ಇಷ್ಟು ಚಿಕ್ಕ ವಸ್ತು.

ಒತ್ತಡದ ಹೋಸ್ ಪೈಪ್‌ಗಳು ಸರಿಯಾಗಿದ್ದವು. ಡಿಪಿಎಫ್ ಬಿಚ್ಚಿ ತೊಳೆಯಲು ಕಳುಹಿಸಿದೆವು. ತೂಕ ಬರೆದುಕೊಟ್ಟರು: ತೊಳೆಯುವ ಮೊದಲು 7,412 ಗ್ರಾಂ, ನಂತರ 7,361. ಹಿಂಬದಿಯಲ್ಲಿ ಮಸಿ ಇರಲಿಲ್ಲ, ಬಿರುಕಿಲ್ಲ.

ಖರ್ಚು: ಆಯಿಲ್ ಮತ್ತು ಫಿಲ್ಟರ್ 5,800, ಥರ್ಮೋಸ್ಟಾಟ್ ಮತ್ತು ಕೂಲಂಟ್ 5,100, ಡಿಪಿಎಫ್ ಬಿಚ್ಚಿ ತೊಳೆದು ಜೋಡಿಸಿದ್ದಕ್ಕೆ 15,500. ಒಟ್ಟು 26,400 ರೂಪಾಯಿ.

ನಿನ್ನೆ ಅಮ್ಮನನ್ನು ಕರೆದುಕೊಂಡು ತುಮಕೂರು ರಸ್ತೆಯಲ್ಲಿ ಹೊರಟೆ. ಕೂಲಂಟ್ 88ಕ್ಕೆ ಬಂದು ನಿಂತಿತು, ಅಲ್ಲಾಡಲಿಲ್ಲ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ನಿಲ್ಲಿಸಿದಾಗ ಗಮನಿಸಿದೆ, ಎಂಜಿನ್ 800ರಲ್ಲಿ ಇರಬೇಕಾದದ್ದು 1,000ದಲ್ಲಿ ಗುನುಗುತ್ತಿತ್ತು, ಫ್ಯಾನ್ ಓಡುತ್ತಿತ್ತು. ಹಿಂದಿನಂತಾಗಿದ್ದರೆ ಕೀ ತಿರುಗಿಸಿಬಿಡುತ್ತಿದ್ದೆ. ಆರಿಸದೆ ಮತ್ತೆ ರಸ್ತೆಗೆ ತಂದು ಇನ್ನೂ ಹದಿನೈದು ನಿಮಿಷ ಶಿರಾ ಕಡೆಗೆ ಓಡಿಸಿದೆ. ಮುಳ್ಳು 800ಕ್ಕೆ ಇಳಿದ ಮೇಲೆ ತಿರುಗಿಸಿಕೊಂಡು ಬಂದು ಇಡ್ಲಿ ತಿಂದೆವು. ಹಸಿವಾಗಿದ್ದರೂ ಅಮ್ಮ ಏನೂ ಅನ್ನಲಿಲ್ಲ. ಎಂಜಿನ್ ಸದ್ದನ್ನೇ ಕೇಳುತ್ತಾ ಕುಳಿತಿದ್ದರು.

ಹಳೇ ಗ್ಯಾರೇಜ್ ಸರ್, ನಿಮಗೆ ಹೇಗೆ ಧನ್ಯವಾದ ಹೇಳಲಿ. ಶಾಲೆಗೆ ಇನ್ನು ಸ್ಕೂಟರಿನಲ್ಲಿ ಹೋಗುತ್ತೇನೆ. ಕಾರು ತಿಂಗಳಿಗೊಮ್ಮೆ ಅಮ್ಮನ ಜೊತೆ ಶಿರಸಿಗೆ.

ಹಳೇ ಗ್ಯಾರೇಜ್ | ಹುಬ್ಬಳ್ಳಿ | ಭಾನುವಾರ

51 ಗ್ರಾಂ ಹೋಗಿದೆ. 38 ಮಸಿಯ ಲೆಕ್ಕ, ಅದೂ ಕಂಪ್ಯೂಟರಿನ ಅಂದಾಜು. ಉಳಿದದ್ದರಲ್ಲಿ 61,000 ಕಿಲೋಮೀಟರಿನ ಬೂದಿಯೂ ಸೇರಿದೆ. ತಾಳೆಯಾಗುತ್ತದೆ, ಚೆನ್ನಾಗಿ ತೊಳೆದಿದ್ದಾರೆ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಆಯಿಲ್ ಕಡ್ಡಿ ನೋಡಿ, ಮಟ್ಟ ಏರದಿದ್ದರೆ ನಿಶ್ಚಿಂತೆ. ಶಿರಸಿಗೆ ಹೋಗುವಾಗ ಹುಬ್ಬಳ್ಳಿ ದಾರಿ ಹಿಡಿದರೆ ಅಮ್ಮನನ್ನು ಕರೆದುಕೊಂಡು ಮನೆಗೆ ಬನ್ನಿ.

ಬೆಳಗಿನ ಬಸ್ | ಕಲಬುರಗಿ | ಮಂಗಳವಾರ

ಎಲ್ಲವನ್ನೂ ಓದಿದೆ. ನನ್ನ ಕಾರಿಗೂ ಅದೇ ಹಳದಿ ದೀಪ ಬಂದಿದೆ, ಎಂಜಿನ್ ದೀಪವೂ ಇದೆ. 83,000 ಕಿಲೋಮೀಟರ್. ಇಲ್ಲಿಯೂ ಡಿಪಿಎಫ್ ಬದಲಿಸಿ ಎನ್ನುತ್ತಿದ್ದಾರೆ. ಸ್ಕ್ಯಾನ್ ಹಾಳೆಯಲ್ಲಿ ಪಿ2463ರ ಕೆಳಗೆ ಪಿ0401 ಎಂದಿದೆ.

ಹಳೇ ಗ್ಯಾರೇಜ್ | ಹುಬ್ಬಳ್ಳಿ | ಮಂಗಳವಾರ

ಕೆಳಗಿನದು ಇಜಿಆರ್. ಹರಿವು ಸಾಲುತ್ತಿಲ್ಲ ಎಂದು ಹೇಳುತ್ತಿದೆ. ಮೊದಲು ಅದನ್ನು ಬಿಚ್ಚಿಸಿ, ವಾಲ್ವ್ ಮತ್ತು ಕೂಲರಿನ ಬಾಯಿಯ ಫೋಟೊ ತೆಗೆದು ಇಲ್ಲಿ ಹಾಕಿ. ಅಷ್ಟರವರೆಗೆ ಫಿಲ್ಟರಿಗೆ ಕೈ ಹಚ್ಚಲು ಬಿಡಬೇಡಿ. ಆಯಿಲ್ ಕಡ್ಡಿ ನೋಡಿದಿರಾ?